ಭೂಮಿ ಕೈಯಲ್ಲಿದ್ರೆ ತಾನೆ ಬೆಳೆ ಬದಲಿಸೋದು?



ಹೋದ ಭಾನುವಾರ ಊರಿಗೆ ಹೋಗಿದ್ದೆ. ಕೋಲಾರದ ಕಡೆ, ಟೊಮೆಟೊ ಸೀಮೆ. ಚಿಕ್ಕಪ್ಪನ ಮೂವತ್ತು ಗುಂಟೆಯಲ್ಲಿ ಕೆಳಗಿನ ಎಲೆ ಹಳದಿಯಾಗಿ ಗಿಡಕ್ಕೆ ಗಿಡವೇ ಸೊರಗಿ ನಿಂತಿತ್ತು. "ಮೂರನೇ ಸಲ ಕಣಪ್ಪ, ಔಷಧಿ ಅಂಗಡಿ ಸಾಲಾನೇ ತೀರಿಲ್ಲ" ಅಂದ್ರು.

ಸೊರಗು ರೋಗದ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತೆ. ಟೊಮೆಟೊ ಮೇಲೆ ಟೊಮೆಟೊ ಹಾಕಿದ್ರೆ ಅದಕ್ಕೆ ನಾವೇ ಊಟ ಬಡಿಸಿದ ಹಾಗೆ. ಟೊಮೆಟೊ ತೆಗೆದು ಬದನೆ, ಮೆಣಸಿನಕಾಯಿ ಹಾಕಿದ್ರೂ ಬದಲಾವಣೆ ಅಲ್ಲ, ಎಲ್ಲಾ ಒಂದೇ ಕುಟುಂಬ. ನಡುವೆ ರಾಗಿ ಬರಬೇಕು, ಅಲಸಂದೆ ಬರಬೇಕು. ಬೇರುಗಂಟು ಹುಳ ಇದ್ರೆ ಚೆಂಡುಹೂವು. ರೋಗ ಪೂರ್ತಿ ಹೋಗಲ್ಲ, ಆದ್ರೆ ಕಮ್ಮಿಯಾಗುತ್ತೆ.

ಮಣ್ಣಲ್ಲಿ ನಮ್ಮ ಕಡೆಯವರೂ ಇದ್ದಾರೆ. ಟ್ರೈಕೋಡರ್ಮಾ ಅನ್ನೋ ಶಿಲೀಂಧ್ರ ರೋಗದ ಶಿಲೀಂಧ್ರವನ್ನೇ ತಿನ್ನುತ್ತೆ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಬೆರೆಸಿ ನೆರಳಲ್ಲಿ ತೇವ ಆರದ ಹಾಗೆ ಹದಿನೈದು ದಿನ ಇಟ್ಟು ನಾಟಿಗೆ ಮುಂಚೆ ಹಾಕಬೇಕು. ಅದರ ಮೇಲೇ ಕಾರ್ಬೆಂಡಜಿಮ್ ಸುರಿದ್ರೆ ಅದೂ ಸಾಯುತ್ತೆ. ಇನ್ನೊಂದು ಮೈಕೋರೈಜಾ. ಬೇರಿಗೆ ಅಂಟಿಕೊಂಡು, ಬೇರು ಮುಟ್ಟದ ಕಡೆಯಿಂದ ರಂಜಕ ತಂದುಕೊಡುತ್ತೆ. ಡಿಎಪಿ ಜಾಸ್ತಿ ಆದ್ರೆ ಗಿಡ ಈ ಸ್ನೇಹಾನೇ ಬಿಡುತ್ತೆ. ಕೋಸಿನ ಬೇರಿಗಂತೂ ಇದು ಹತ್ತೋದೇ ಇಲ್ಲ.

ಜಿಕೆವಿಕೆಯಲ್ಲಿ ಡಿ.ಜೆ. ಭಾಗ್ಯರಾಜ್ ಅವರು ಮೈಕೋರೈಜಾ ಮೇಲೆ ದಶಕಗಳ ಕಾಲ ಸಂಶೋಧನೆ ಮಾಡಿದ್ದಾರೆ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆ ಅರ್ಕಾ ಹೆಸರಲ್ಲಿ ಸೂಕ್ಷ್ಮಜೀವಿ ಗೊಬ್ಬರವನ್ನೇ ಮಾಡಿದೆ. ನಮ್ಮೂರಿಂದ ಎರಡು ಮೂರು ಗಂಟೆ ದಾರಿ. ನಮ್ಮ ಕೇರಿಗೆ ಮಾತ್ರ ಇನ್ನೂ ಬಸ್ಸು ಸಿಕ್ಕಿಲ್ಲ.

ಇದನ್ನೆಲ್ಲ ಹೇಳಿದೆ. ಚಿಕ್ಕಪ್ಪ ಕೇಳಿದ್ದು ಮೂರೇ ಮಾತು. "ಹಸು ಮಾರಿ ಆರು ವರ್ಷ ಆಯ್ತು, ಗೊಬ್ಬರ ಎಲ್ಲಿಂದ ತರ್ಲಿ? ರಾಗಿ ಹಾಕಿದ್ರೆ ಸಾಲದವನು ಸುಮ್ನಿರ್ತಾನಾ? ಗುತ್ತಿಗೆಗೆ ಮಾಡೋ ನಿನ್ನ ತಮ್ಮ ಒಂದು ವರ್ಷದ ಭೂಮೀಲಿ ಏನು ಬದಲಿಸ್ತಾನೆ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಊರಿನ ತಿಪ್ಪೆ ಹೊತ್ತಿದ್ದು ನಮ್ಮ ಅವ್ವಂದಿರ ತಲೆ, ಫಲವತ್ತಾಗಿದ್ದು ಯಾರದೋ ಹೊಲ. ಈಗಲೂ ಗುತ್ತಿಗೆದಾರ ಮಣ್ಣು ಸರಿಮಾಡಿದ್ರೆ ಮುಂದಿನ ವರ್ಷ ಮಾಲೀಕ ಗುತ್ತಿಗೆ ಏರಿಸ್ತಾನೆ. ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿ ಬಗ್ಗೆ ಬರೆದಾಗ, ಭೂಮಿಯ ಅಳತೆ ಒಂದೇ ಅಲ್ಲ, ಅದಕ್ಕೆ ತಕ್ಕ ಬಂಡವಾಳ ಸಲಕರಣೆ ಇದೆಯಾ ನೋಡಿ ಅಂದಿದ್ರು. ಸಾವಯವ ವೇದಿಕೆಗಳಲ್ಲಿ ಮಾತಾಡೋರು ಮಣ್ಣಿನ ಆರೋಗ್ಯ ಅಂತಾರೆ, ಮಣ್ಣಿನ ಒಡೆತನ ಅನ್ನಲ್ಲ.

ಇನ್ನೊಂದು ವಿಷಯ ಗುಮಾಸ್ತನಾಗಿ ನನ್ನ ಕಣ್ಣಿಗೆ ಬಿತ್ತು. ಆ ಮೂವತ್ತು ಗುಂಟೆ ತಾತನಿಗೆ ಮಂಜೂರಾದ ಜಮೀನು. ಪಹಣಿ ಇವತ್ತಿಗೂ ಸತ್ತ ತಾತನ ಹೆಸರಲ್ಲೇ ಇದೆ! ಪಹಣಿ ಹೆಸರಿಗಿಲ್ಲದೆ ಎಫ್‌ಐಡಿ ಇಲ್ಲ, ಎಫ್‌ಐಡಿ ಇಲ್ಲದೆ ಸಬ್ಸಿಡಿ ಇಲ್ಲ. ದಿನವಿಡೀ ಬೇರೆಯವರ ಫೈಲು ಸರಿಮಾಡೋ ನಾನು ನಮ್ಮ ಮನೆ ಫೈಲು ನೋಡಿರ್ಲಿಲ್ಲ. ನಾಚಿಕೆ ಆಯ್ತು.

ಅದಕ್ಕೇ ಕೇಳ್ತಿದ್ದೀನಿ. ಓದಿದ ನಾವು ಒಬ್ಬೊಬ್ಬರು ಕೇರಿಯ ಒಂದೊಂದು ಮನೆ ಪೌತಿ ಖಾತೆ ಮಾಡಿಸೋಣ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಜೊತೆಗೆ ಹೋಗೋಣ. ಮಂಜೂರಾದ ಜಮೀನನ್ನ ಯಾರಾದ್ರೂ ಬರೆಸಿಕೊಂಡಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ವಿಚಾರಿಸಿ. ನಮ್ಮ ಮನೇದು ಸೋಮವಾರ ಶುರು. ಚಿಕ್ಕಪ್ಪ ಐದು ಗುಂಟೆಗೆ ರಾಗಿ ಹಾಕೋಕೆ ಒಪ್ಪಿದ್ದಾರೆ. ಅಲ್ಲಿಂದಲೇ ಶುರುಮಾಡೋಣ.