ರಿಯಾಯಿತಿ ಹತ್ತರಲ್ಲಿ, ಕಲಿಸಬೇಕಾದದ್ದು ಎರಡರಲ್ಲಿ

ತುಮಕೂರು ಬಟವಾಡಿಯ ಎಪಿಎಂಸಿ ಯಾರ್ಡ್‌ನಲ್ಲಿ ಮೂಟೆ ಹೊರುವ ಅಪ್ಪನಿಗೂ, ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಅಪ್ಪನಿಗೂ ಶಾಲೆಯಿಂದ ಬರುವ ದೂರು ಒಂದೇ: ‘ಹುಡುಗ ಮಾತಿನಲ್ಲಿ ಚುರುಕು, ಪುಸ್ತಕ ಕೊಟ್ಟರೆ ಬಾಯಿ ಬಿಡೋದಿಲ್ಲ.’ ಆಮೇಲೆ ಮನೆಪಾಠ, ಏಟು, ಕೊನೆಗೆ ‘ಇವನ ತಲೆಗೆ ಹತ್ತೋಲ್ಲ’ ಎಂಬ ತೀರ್ಪು. ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವುದು ಡಿಸ್ಲೆಕ್ಸಿಯಾ. ಅದು ದಡ್ಡತನವಲ್ಲ, ಸೋಮಾರಿತನವೂ ಅಲ್ಲ. ಮಾತಿನೊಳಗಿನ ದನಿಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕೆಲಸ ಆ ಮಕ್ಕಳಿಗೆ ಸಲೀಸಾಗಿ ಆಗುವುದಿಲ್ಲ, ಅಷ್ಟೆ.

ಇವರಿಗೆ ಓದು ಕಲಿಸುವ ದಾರಿ ಹೊಸದೇನಲ್ಲ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲೇ ಅದಕ್ಕೆ ರೂಪ ಕೊಟ್ಟರು. ಯಾವುದನ್ನೂ ಮಗುವಿನ ಊಹೆಗೆ ಬಿಡದೆ, ಒಂದೊಂದು ದನಿ, ಒಂದೊಂದು ಗುರುತನ್ನು ಬಿಡಿಸಿ ಹೇಳಬೇಕು. ಕಲಿತದ್ದು ಗಟ್ಟಿಯಾದ ಮೇಲೆಯೇ ಮುಂದಿನದು. ಕಣ್ಣು, ಕಿವಿ, ನಾಲಿಗೆ, ಬೆರಳು ಎಲ್ಲಕ್ಕೂ ಒಟ್ಟಿಗೇ ಕೆಲಸ.

ಆದರೆ ಇಂಗ್ಲಿಷಿಗೆ ಮಾಡಿದ ಪಾಠಕ್ರಮವನ್ನು ಹಾಗೇ ತಂದು ಕನ್ನಡಕ್ಕೆ ಹೊಂದಿಸಲಾಗದು. ‘ಭಕ್ತಿ’ ಎಂದು ಬರೆದು ನೋಡಿ. ಗುಡಿಸು ಕೂತಿರುವುದು ಕಕಾರದ ತಲೆಯ ಮೇಲೆ. ಓದುವಾಗ ಅದು ಸೇರುವುದು ಕೆಳಗಿನ ತಕಾರಕ್ಕೆ. ‘ಕರ್ನಾಟಕ’ದಲ್ಲಿ ಅರ್ಕಾವೊತ್ತು ಬರುವುದು ‘ನಾ’ ಆದಮೇಲೆ, ಉಚ್ಚರಿಸಬೇಕಾದದ್ದು ಅದಕ್ಕೂ ಮೊದಲು. ಎಡದಿಂದ ಬಲಕ್ಕೆ ನಿಷ್ಠೆಯಿಂದ ಓದುವ ಮಗು ಇಲ್ಲೇ ಎಡವುತ್ತದೆ. ಇದರ ಜೊತೆಗೆ ಬ–ಭ, ದ–ಧ, ಪ–ಷಗಳ ಗೊಂದಲ, ಹ್ರಸ್ವ–ದೀರ್ಘಗಳ ಗೊಂದಲ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಅಕ್ಷರಗಳು ಮಕ್ಕಳಿಗೆ ಪೂರ್ತಿ ಕೈವಶವಾಗಲು ಇಂಗ್ಲಿಷಿನ ಅಕ್ಷರಗಳಿಗಿಂತ ಹೆಚ್ಚು ವರ್ಷ ಬೇಕೆಂದು ತೋರಿಸಿತು. ಒಂದನೇ ತರಗತಿ ಮುಗಿಯುವಷ್ಟರಲ್ಲಿ ಅಕ್ಷರಮಾಲೆಯೂ ಮುಗಿಯಿತೆಂದುಕೊಳ್ಳುವ ನಮ್ಮ ಅವಸರಕ್ಕೆ ಇದೇ ಉತ್ತರ.

ಹಳೆಯ ಕಾಗುಣಿತದಲ್ಲಿ ಒಂದು ಒಳ್ಳೆಯ ಗುಣವಿತ್ತು. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ ಎಂದು ಪ್ರತಿ ಗುರುತಿಗೂ ಹೆಸರಿತ್ತು. ಬಾಯಿಪಾಠದ ರಾಗದಲ್ಲಿ ಅದು ಕರಗಿಹೋಗದೆ, ಮಗು ಮರಳಿನ ಮೇಲೆ ಬೆರಳಾಡಿಸುತ್ತ, ಗುರುತಿನ ಹೆಸರು ಹೇಳುತ್ತ, ದನಿ ಹೊರಡಿಸಿದರೆ, ಆರ್ಟನ್–ಗಿಲ್ಲಿಂಗ್‌ಹ್ಯಾಮ್ ವಿಧಾನ ಕೇಳುವುದೂ ಇದನ್ನೇ. ಸರ್ಕಾರಿ ಶಾಲೆಗಳ ‘ನಲಿಕಲಿ’ ಪದ್ಧತಿ ಕೂಡ ರ, ಗ, ಸ, ದ, ಅ ಎಂಬ ಕ್ರಮದಿಂದ ಶುರುವಾಗಿ, ‘ಸರ’, ‘ಅರಸ’ ಎಂಬ ಪದಗಳನ್ನು ಬೇಗ ಕೈಗೆ ಕೊಡುತ್ತದೆ. ಆದರೆ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳುವ ಶಿಕ್ಷಕಿ, ಕಲಿಕಾ ಏಣಿಯಲ್ಲಿ ಒಂದೇ ಮೆಟ್ಟಿಲಿನಲ್ಲಿ ನಿಂತ ಮಗುವಿಗೆ ದಿನಕ್ಕೆ ಇಪ್ಪತ್ತು ನಿಮಿಷ ಎಲ್ಲಿಂದ ತಂದಾರು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ಅದರ 16ನೇ ಸೆಕ್ಷನ್, ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಕೊಡುವ ಹೊಣೆಯನ್ನು ಶಾಲೆಯ ಮೇಲೆ ಹೊರಿಸುತ್ತದೆ. ನಡೆಯುತ್ತಿರುವುದು ತಿರುಗುಮುರುಗು. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ತಂದೆತಾಯಿ ನಿಮ್ಹಾನ್ಸ್‌ಗೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಓಡುತ್ತಾರೆ. ಹೆಚ್ಚುವರಿ ಸಮಯಕ್ಕೆ, ಬರೆದುಕೊಡುವವರಿಗೆ ಪ್ರಮಾಣಪತ್ರ ತರುತ್ತಾರೆ. ಆ ರಿಯಾಯಿತಿ ಬೇಕೇ ಬೇಕು. ಆದರೆ ಓದು ಬಾರದೆ ಹತ್ತು ವರ್ಷ ಬೆಂಚಿನ ಮೇಲೆ ಕೂತ ಹುಡುಗನಿಗೆ ಹೆಚ್ಚು ಸಮಯ ಕೊಟ್ಟು ಏನು ಸಿಕ್ಕೀತು?

ಕನ್ನಡದಲ್ಲೇ ಈ ಬೋಧನೆ ಕಲಿತ ಒಬ್ಬ ಶಿಕ್ಷಕರಾದರೂ ಪ್ರತಿ ಶಾಲಾ ಕ್ಲಸ್ಟರಿನಲ್ಲಿ ಇರಬೇಕು. ಶಿಕ್ಷಣ ಇಲಾಖೆ ಅದನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ತರಬೇತಿಯಿಂದಲೇ ಶುರುಮಾಡಬಹುದು. ಖಾಸಗಿ ಶಾಲೆಗಳಿಗೂ ಈ ಹೊಣೆ ಇದೆ.

ಎರಡನೇ ತರಗತಿಯ ಮಗು ಚಿಕ್ಕ ಪದಗಳಲ್ಲೂ ತಡವರಿಸುತ್ತಿದ್ದರೆ ಪ್ರಮಾಣಪತ್ರಕ್ಕಾಗಿ ಕಾಯಬೇಡಿ. ಕಲಿಸಲು ಅದು ಬೇಕಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಗೆ ಹೋಗಿ, ಈ ಮಗುವಿಗೆ ದಿನವೂ ಓದು ಕಲಿಸುವವರು ಯಾರು ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.