ಅಂಗನವಾಡಿ ಟೀಚರಿಗೂ ಸ್ಕಾಲರ್‌ಶಿಪ್ ಬೇಕು

ಎಸ್‌ಎಸ್‌ಪಿ ಅಂದ್ರೆ ಏನು ಅಂತ ನಮ್ಮ ಕ್ಯಾಂಪಸ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿ ಕರೆದರೆ ಸಾಕು, ಆದಾಯ ಪ್ರಮಾಣಪತ್ರ, ಆಧಾರ್ ಲಿಂಕ್, ಆಮೇಲೆ "ದುಡ್ಡು ಬಂತೇನೋ?" ಅನ್ನೋದೇ ಮಾತು. ನಾಲ್ಕು ವರ್ಷ ಓದಿ ಎಂಜಿನಿಯರ್ ಆಗೋರಿಗೆ ಸರ್ಕಾರ ನೆರವಾಗಬೇಕು ಅನ್ನೋದನ್ನ ನಾವೆಲ್ಲ ಒಪ್ಪಿದ್ದೀವಿ. ಹಾಗಾದ್ರೆ ಮೂರು ವರ್ಷದ ಮಗುವಿಗೆ ಕಲಿಸೋದನ್ನ ಕಲಿಯಬೇಕಾದವರಿಗೆ?

1975ರ ಅಕ್ಟೋಬರ್ 2ರಂದು ಐಸಿಡಿಎಸ್ ಯೋಜನೆ ದೇಶದ 33 ಕಡೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಈಗ ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಚಾಪೆ ಮೇಲೆ ಕೂತು ಹಾಡು ಕಲಿತದ್ದು ಅಲ್ಲೇ. ಆ ಟೀಚರ್ ಮಕ್ಕಳಿಗೆ ಕಲಿಸಬೇಕು, ತೂಕ ನೋಡಬೇಕು, ಲಸಿಕೆ ನೆನಪಿಸಬೇಕು, ಗರ್ಭಿಣಿಯರ ಊಟ ನೋಡಿಕೊಳ್ಳಬೇಕು, ಎಲ್ಲವನ್ನೂ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬಬೇಕು. ಇಷ್ಟಕ್ಕೆ ಸಿಗೋದು ಸಂಬಳ ಅಲ್ಲ, 'ಗೌರವಧನ'. 2018ರಲ್ಲಿ ಕೇಂದ್ರ ಅದನ್ನ ತಿಂಗಳಿಗೆ 3,000ದಿಂದ 4,500 ರೂಪಾಯಿಗೆ ಏರಿಸಿತು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಏನು ಹೇಳುತ್ತೆ ನೋಡಿ. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ 85%ಗಿಂತ ಹೆಚ್ಚು ಆಗೋದು ಆರು ವರ್ಷದೊಳಗೆ. ಅದಕ್ಕೇ ಪಿಯುಸಿ ಅಥವಾ ಹೆಚ್ಚು ಓದಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಬಹಳ ಸರಿಯಾದ ಮಾತು. ಆದರೆ ಇದನ್ನ ಡಿಟಿಎಚ್ ಚಾನೆಲ್, ಸ್ಮಾರ್ಟ್‌ಫೋನ್ ಮೂಲಕ, ಈಗಿನ ಕೆಲಸಕ್ಕೆ ಹೆಚ್ಚು ತೊಂದರೆ ಆಗದ ಹಾಗೆ ಮುಗಿಸಬಹುದಂತೆ! ಎನ್‌ಪಿಟಿಇಎಲ್ ವಿಡಿಯೋನ ಡಬಲ್ ಸ್ಪೀಡಲ್ಲಿ ಓಡಿಸೋ ನಮಗೆ ಇದರ ಕಥೆ ಚೆನ್ನಾಗಿ ಗೊತ್ತು. ನಮಗಾದರೂ ಹಾಸ್ಟೆಲ್ ಇದೆ, ಊಟ ಮಾಡಿಟ್ಟಿರುತ್ತಾರೆ. ದಿನವಿಡೀ ಮಕ್ಕಳನ್ನ ನೋಡಿಕೊಂಡು, ಮನೆಗೆ ಹೋಗಿ ಒಲೆ ಹಚ್ಚೋ ಹೆಂಗಸು ಯಾವಾಗ ಕಲಿಯಬೇಕು? ಅಳೋ ಮಗುವನ್ನ ಸಮಾಧಾನ ಮಾಡೋದು, ತಡವಾಗಿ ಮಾತು ಬರ್ತಿರೋ ಮಗುವನ್ನ ಗುರುತಿಸೋದು, ಇವೆಲ್ಲ ಲ್ಯಾಬ್ ಇದ್ದ ಹಾಗೆ. ಪಕ್ಕದಲ್ಲಿ ಬಲ್ಲವರು ನಿಂತು ತೋರಿಸದೆ ಬರೋದಿಲ್ಲ.

ಹಾಗಾಗಿ ನನ್ನ ವಾದ ಇಷ್ಟೇ: ಈ ತರಬೇತಿಗೆ ಸರ್ಕಾರವೇ ಸ್ಕಾಲರ್‌ಶಿಪ್ ಕೊಡಲಿ. ಬರೀ ಫೀಸ್ ಮನ್ನಾ ಸಾಲದು, ಬದುಕೋ ಖರ್ಚೂ ಬೇಕು. ಈಗಾಗಲೇ ಕೆಲಸದಲ್ಲಿರೋರಿಗೆ ಗೌರವಧನ ಮುಂದುವರಿಯಲಿ, ಓಡಾಟದ ಖರ್ಚು ಸಿಗಲಿ, ತರಗತಿ ದಿನ ಕೇಂದ್ರ ನೋಡಿಕೊಳ್ಳೋಕೆ ಬದಲಿ ಜನ ಇರಲಿ. ಪಿಯುಸಿ ಮುಗಿಸಿ ಈ ಕೆಲಸಕ್ಕೆ ಬರಬೇಕು ಅನ್ನೋ ಹುಡುಗಿಗೆ ತಿಂಗಳು ತಿಂಗಳು ದುಡ್ಡು ಬರಲಿ. ಇಲ್ಲದಿದ್ರೆ ಅವಳು ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ, ಅವಳನ್ನ ದೂರೋಕಾಗಲ್ಲ.

"ದುಡ್ಡೆಲ್ಲಿದೆ?" ಅಂತೀರಾ? ಪದವಿ ಮುಗಿಸಿ ಆರು ತಿಂಗಳು ಕೆಲಸ ಸಿಗದಿದ್ರೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಸಿಗುತ್ತೆ. ಅದೇ ಮೊತ್ತವನ್ನ ವರ್ಷಕ್ಕೆ 10,000 ಜನಕ್ಕೆ, ಆರು ತಿಂಗಳು ಕೊಟ್ಟರೆ ಆಗೋದು 18 ಕೋಟಿ. ಕಲಿಸೋರ ಸಂಬಳ, ಕಟ್ಟಡ ಬೇರೆ, ಒಪ್ಪೋಣ. ಆದ್ರೂ ರಾಜ್ಯ ಬಜೆಟ್ಟಿಗೆ ಇದು ಬೆಟ್ಟವೇನಲ್ಲ.

"ಮಕ್ಕಳನ್ನ ನೋಡಿಕೊಳ್ಳೋಕೆ ಕೋರ್ಸ್ ಯಾಕೆ, ಅಮ್ಮಂದಿರು ಕಲಿತಿದ್ರಾ?" ಅನ್ನೋರೂ ಇದ್ದಾರೆ. ಅಮ್ಮ ನೋಡೋದು ತನ್ನ ಒಂದೆರಡು ಮಕ್ಕಳನ್ನ. ಟೀಚರ್ ಮುಂದೆ ಇರೋದು ಹತ್ತಾರು ಮನೆಯ ಮಕ್ಕಳು. ಹೆಂಗಸರಿಗೆ ಇದು ಹುಟ್ಟಿನಿಂದಲೇ ಬರುತ್ತೆ ಅನ್ನೋ ನಂಬಿಕೆಯೇ ಅವರ ಕೆಲಸವನ್ನ ಇಷ್ಟು ಅಗ್ಗ ಮಾಡಿರೋದು.

ಇನ್ನೊಂದು ಮಾತು. ಕೋರ್ಸ್ ಮುಗಿಸಿ ಬಂದವರಿಗೆ ಅದೇ ಹಳೇ ಗೌರವಧನ ಆದ್ರೆ ಸ್ಕಾಲರ್‌ಶಿಪ್ ನೀರಲ್ಲಿ ಹೋಮ. ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಓದಿಗೆ ತಕ್ಕ ಸಂಬಳ ಅದರ ಮುಂದಿನ ಹೆಜ್ಜೆ. ನಾವು ಪ್ಲೇಸ್‌ಮೆಂಟ್ ಪ್ಯಾಕೇಜ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಲ್ಲ, ಮುಂದಿನ ಸಲ ಎಸ್‌ಎಸ್‌ಪಿ ಅರ್ಜಿ ತುಂಬುವಾಗ ಐದು ನಿಮಿಷ ಇದರ ಬಗ್ಗೆಯೂ ಮಾತಾಡೋಣ. ನಮ್ಮ ಹೆಸರು ಇರೋ ಪಟ್ಟಿಯಲ್ಲಿ ಆ ಟೀಚರ್ ಹೆಸರೂ ಇರಬೇಕು.