ಪೂಜೆಗೆ ಮೊದಲು ಸ್ಕ್ರೂ ನೋಡಿ

ಕೈಲ್ ಮುಹೂರ್ತಕ್ಕೆ ಕೊಡಗಿನ ನಾವು ನೇಗಿಲು, ಕತ್ತಿಗಳ ಜತೆ ಕೋವಿಗೂ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆದರೆ ಅದರ ಸ್ಕ್ರೂ ಗಟ್ಟಿ ಇದೆಯಾ ಅಂತ ನೋಡುವವರೆಷ್ಟು ಮಂದಿ?

ಲೈಸೆನ್ಸ್ ಸಹಿತ ನನ್ನ ಪಾಲಿಗೆ ಬಂದದ್ದು ಅಪ್ಪನ ಕಾಲದ ಪಾಯಿಂಟ್ 22 ರೈಫಲ್. ಕಣ್ಣು ಮಂಜಾದ ಮೇಲೆ ಅದಕ್ಕೊಂದು ಸ್ಕೋಪು ಕೂರಿಸಿದೆ. ಕೆಲವು ತಿಂಗಳು ಗುರಿ ಸರಿ ಇತ್ತು. ಆಮೇಲೆ ಗುಂಡುಗಳು ಕಾಗದದ ತುಂಬ ಚದುರತೊಡಗಿದವು. ನಾನು ಸ್ಕೋಪಿನ ತಿರುಗಣೆ ತಿರುಗಿಸಿದ್ದೇ ತಿರುಗಿಸಿದ್ದು! "ಅಗ್ಗದ ಮಾಲು, ಬಿಸಾಡಿ ಮಾರಾಯ್ರೆ" ಅಂದರು ಗೆಳೆಯರು. ಬಿಚ್ಚಿ ನೋಡಿದರೆ ಸ್ಕೋಪಿಗೆ ಏನೂ ಆಗಿರಲಿಲ್ಲ. ಕ್ಲ್ಯಾಂಪಿನ ಒಂದು ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು.

ಸಣ್ಣ ಸಡಿಲ ಏನು ಮಾಡೀತು ಅನ್ನಬೇಡಿ. ಎರಡು ಕ್ಲ್ಯಾಂಪಿನ ನಡುವೆ 10 ಸೆಂಟಿಮೀಟರ್ ಅಂತರ ಇದೆ ಅಂತಿಟ್ಟುಕೊಳ್ಳಿ. ಒಂದು ತುದಿ ಕೂದಲೆಳೆಯಷ್ಟು, ಮಿಲಿಮೀಟರಿನ ಹತ್ತನೇ ಒಂದು ಪಾಲು ಸರಿದರೆ 50 ಮೀಟರಿನಲ್ಲಿ ಗುಂಡು 5 ಸೆಂಟಿಮೀಟರ್ ಆಚೆ ಬೀಳುತ್ತದೆ. ಸುಲಿದ ತೆಂಗಿನಕಾಯಿಯ ನಡುವಿಗೆ ಇಟ್ಟ ಗುರಿ ಅಂಚಿಗೆ ಹೋದಂತೆ! ತಪ್ಪಿದ ಗುಂಡು ಒಂದು ಕಿಲೋಮೀಟರಿಗೂ ಮಿಕ್ಕಿ ಹೋಗಬಲ್ಲದು. ನಮ್ಮ ತೋಟಗಳ ಆಚೆ ಲೈನ್‌ಮನೆಗಳಿವೆ, ಮಕ್ಕಳಿದ್ದಾರೆ.

ನಾನೀಗ ಮಾಡುವ ಕ್ರಮ ಇದು. ಮೊದಲು ರೈಫಲ್ ಖಾಲಿ ಇದೆಯೆಂದು ಎರಡು ಸಲ ನೋಡುತ್ತೇನೆ. ಕ್ಲ್ಯಾಂಪು ಕಚ್ಚುವ ಗೀರು ಮತ್ತು ಸ್ಕ್ರೂಗಳ ಎಣ್ಣೆ ಜಿಡ್ಡನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸುತ್ತೇನೆ. ಹಳೇ ಕೋವಿಗೆ ಎಣ್ಣೆ ಹಚ್ಚಿ ಹಚ್ಚಿ ಅಭ್ಯಾಸವಾದ ನಮಗೆ ಇದು ಹೊಳೆಯುವುದೇ ಇಲ್ಲ. ಮೊದಲು ಕೆಳಗಿನ ಸ್ಕ್ರೂ ಬಿಗಿಸಿ, ಆಮೇಲೆ ರಿಂಗಿನ ಸ್ಕ್ರೂಗಳನ್ನು ಅಡ್ಡಡ್ಡಲಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಬೇಕು. ವಿಪರೀತ ಬಿಗಿಸಿದರೆ ಸ್ಕೋಪಿನ ನಳಿಗೆ ನಜ್ಜಾಗುತ್ತದೆ. ಕೆಳಗಿನ ಸ್ಕ್ರೂಗಳಿಗೆ ಬಿಚ್ಚಲು ಬರುವಂಥ ನೀಲಿ ಲಾಕ್‌ಟೈಟ್ ಒಂದೇ ತೊಟ್ಟು ಸಾಕು. ಸೈಕಲ್ ಟ್ಯೂಬಿನ ತುಂಡು ಮಾತ್ರ ಬೇಡ. ರಬ್ಬರು ಕುಣಿಯುತ್ತದೆ. ಕೊನೆಗೆ ಸ್ಕ್ರೂ ತಲೆಯಿಂದ ಕ್ಲ್ಯಾಂಪಿನವರೆಗೆ ಬಿಳಿ ಬಣ್ಣದ ಒಂದು ಗೆರೆ. ಗೆರೆ ತುಂಡಾಗಿ ಕಂಡರೆ ಸ್ಕ್ರೂ ತಿರುಗಿದೆ ಅಂತಲೇ ಅರ್ಥ. ಪಂಪ್‌ಸೆಟ್ಟಿನ ಬೋಲ್ಟಿಗೂ ಈ ಉಪಾಯ ನಡೆಯುತ್ತದೆ.

ನೆರೆಯವರ ರೈಫಲಿನಲ್ಲಿ ಕ್ಲ್ಯಾಂಪು ಕಚ್ಚಲು ಗೀರೇ ಇಲ್ಲ. "ಲೇತಿನವನ ಹತ್ರ ತೂತು ಹೊಡೆಸ್ತೇನೆ" ಅಂತಿದ್ದರು. ನಾನು ತಡೆದೆ. ತೋಟೆ ಸಿಡಿಯುವ ಜಾಗದ ಉಕ್ಕು ತೆಳುವಾದರೆ ಹೊಡೆಯುವವನ ಮುಖಕ್ಕೇ ಅಪಾಯ. ಕೋವಿ ರಿಪೇರಿಯ ಕಸುಬಿಗೆ 1959ರ ಆಯುಧ ಕಾಯ್ದೆ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಬೇಕು, ಲೇತಿನವನಿಗೆ ಅದೆಲ್ಲಿ?

ನನ್ನ ಅಭಿಪ್ರಾಯ ಇಷ್ಟೇ. ಸ್ಕೋಪು ಅಲುಗದೆ ಕೂತರೆ ಇರಲಿ. ಕೂರದಿದ್ದರೆ ಅದನ್ನು ತೆಗೆದಿಟ್ಟು, ಅಜ್ಜ ನೋಡಿದ ಕಬ್ಬಿಣದ ಗುರಿಯಲ್ಲೇ ನೋಡೋಣ. ಅದೂ ಕಾಣಿಸದಿದ್ದರೆ ಕೋವಿಯನ್ನು ಮಕ್ಕಳಿಗೆ ಕೊಡುವ ಕಾಲ ಬಂತು ಅಂತ ತಿಳಿಯೋಣ.